ಸೂತಕ ಯಾರಿಗೆ?

1990ರ ಜನವರಿಯ ಒಂದು ರಾತ್ರಿ. ಬಾಸ್ಟನ್ನಿನ ಮಗ್ಗುಲಿನ ಕೇಂಬ್ರಿಜ್ ಪಟ್ಟಣದಲ್ಲಿ ಮನೆಗೆ ನಡೆದು ಹೋಗುತ್ತಿದ್ದ ಹುಡುಗನೊಬ್ಬನನ್ನು ಕೆಲವರು ಅಡ್ಡಗಟ್ಟಿದರು. ಅವರಿಗೆ ಬೇಕಾಗಿದ್ದು ಅವನ ಮೈಮೇಲಿದ್ದ ಚರ್ಮದ ಜಾಕೆಟ್ಟು. ಚಾಕುವಿನ ಇರಿತಕ್ಕೆ ಸಿಕ್ಕ ಹುಡುಗ ರಕ್ತ ಸುರಿಸುತ್ತಲೇ ಓಡಿದ. ಓಡಿದ ದಿಕ್ಕಿನಲ್ಲಿ ಯೂನಿಯನ್ ಬ್ಯಾಪ್ಟಿಸ್ಟ್ ಚರ್ಚು ಇತ್ತು. ಅದಕ್ಕೆ ಇನ್ನೂ ನೂರೋ ನೂರೈವತ್ತೋ ಗಜ ಇರುವಾಗಲೇ ಅವನ ಜೀವ ಹೋಯಿತು. ಆ ಚರ್ಚಿನ ಪಾದ್ರಿ ಜೆಫ್ರಿ ಬ್ರೌನ್ ಆಗಿನ್ನೂ ಯುವಕರು. ಹುಡುಗ ಬಾಗಿಲಿನವರೆಗೆ ಬಂದಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಅವರೇ ಮುಂದೆ ಹೇಳಿಕೊಂಡರು. ದೀಪ ಆರಿತ್ತು. ಒಳಗೆ ಯಾರೂ ಇರಲಿಲ್ಲ.

ಆ ನೂರೈವತ್ತು ಗಜ ಯಾರ ಲೆಕ್ಕಕ್ಕೆ ಸೇರಬೇಕು? ಪೊಲೀಸರ ಕಡತದಲ್ಲಿ ಅದೊಂದು ಸ್ಥಳಮಹಜರಿನ ಅಳತೆ. ಧರ್ಮದ ಕಡತದಲ್ಲಿ ಅದಕ್ಕೆ ಬೇರೆಯೇ ಅರ್ಥವಿದೆ.

ಕನ್ನಡ ನಾಡಿನ ಹಳ್ಳಿಗಳಲ್ಲಿ ಬೀದಿಯಲ್ಲಿ ಹೆಣ ಇರುವಷ್ಟು ಹೊತ್ತು ಗುಡಿಯಲ್ಲಿ ಪೂಜೆ ನಿಲ್ಲಿಸುವ, ಅಕ್ಕಪಕ್ಕದ ಮನೆಗಳಲ್ಲಿ ಒಲೆ ಹಚ್ಚದಿರುವ ರೂಢಿ ಇದೆ. ಸೂತಕ ಎಂಬ ಮಾತನ್ನು ಮೈಲಿಗೆ ಎಂದಷ್ಟೇ ಓದಿದರೆ ಅದು ಬಹಳ ಸಣ್ಣದಾಗಿಬಿಡುತ್ತದೆ. ಈ ಸಾವು ಯಾರ್ಯಾರಿಗೆ ತಟ್ಟಿದೆ, ಯಾರು ಎಂದಿನಂತೆ ಉಂಡು ಮಲಗುವ ಹಾಗಿಲ್ಲ ಎಂದು ಗೆರೆ ಎಳೆದು ತೋರಿಸುವ ಲೆಕ್ಕವೂ ಅದರಲ್ಲಿದೆ. ಯಹೂದಿಗಳ ಧರ್ಮಗ್ರಂಥ ಇದೇ ಲೆಕ್ಕವನ್ನು ಹಗ್ಗ ಹಿಡಿದೇ ಮಾಡಿಸುತ್ತದೆ. ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದಲ್ಲಿ ಒಂದು ವಿಚಿತ್ರ ವಿಧಿ ಬರುತ್ತದೆ. ಬಯಲಲ್ಲಿ ಕೊಲೆಯಾದ ದೇಹ ಸಿಕ್ಕು ಕೊಂದವನು ಯಾರೆಂದು ತಿಳಿಯದಿದ್ದರೆ, ಹಿರಿಯರು ಹೆಣದಿಂದ ಸುತ್ತಲಿನ ಊರುಗಳಿಗೆ ದೂರ ಅಳೆಯಬೇಕು. ಅತಿ ಹತ್ತಿರದ ಊರಿನ ಹಿರಿಯರು ನೊಗ ಹೊರದ ಕಡಸೊಂದನ್ನು ಉಳದ ಕಣಿವೆಗೆ ಒಯ್ದು, ಅದರ ಕತ್ತು ಮುರಿದು, ಅದರ ಮೇಲೆ ಕೈ ತೊಳೆದು, ಈ ರಕ್ತವನ್ನು ನಾವು ಸುರಿಸಲಿಲ್ಲ ಎಂದು ಸಾರಬೇಕು.

ಕೊಲೆ ಮಾಡದವರು ಯಾಕೆ ಕೈ ತೊಳೆಯಬೇಕು? ಊರ ಹಿರಿಯರ ಮೇಲೆ ಯಾರಿಗಾದರೂ ಕೊಲೆಯ ಅನುಮಾನವಿತ್ತೇ? ಯಹೂದಿ ಧರ್ಮಶಾಸ್ತ್ರದ ಮಿಶ್ನಾ ಎಂಬ ಸಂಗ್ರಹ ಇದನ್ನೇ ಕೇಳಿ ಉತ್ತರವನ್ನೂ ಕೊಡುತ್ತದೆ. ಅನುಮಾನ ಕೊಲೆಯದ್ದಲ್ಲ. ಅವನು ನಮ್ಮಲ್ಲಿಗೆ ಬಂದಾಗ ಅನ್ನ ಕೊಡದೆ ಕಳಿಸಿದವರು ನಾವಲ್ಲ, ಜೊತೆಗೊಬ್ಬರನ್ನು ಕೊಡದೆ ದಾರಿಗೆ ಬಿಟ್ಟವರು ನಾವಲ್ಲ ಎಂಬುದು ಆ ಕೈ ತೊಳೆಯುವಿಕೆಯ ಅರ್ಥ. ಮಿಶ್ನಾಕ್ಕೆ ವ್ಯಾಖ್ಯಾನವಾದ ಜೆರುಸಲೇಮಿನ ತಾಲ್ಮೂದ್ ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ತೆಗೆಯುತ್ತದೆ. ‘ಅವನು’ ಎಂದರೆ ಯಾರು? ಬ್ಯಾಬಿಲೋನಿನ ವಿದ್ವಾಂಸರು ಸತ್ತವನು ಎಂದು ಓದಿದರು. ತಮ್ಮ ನೆಲದ ವಿದ್ವಾಂಸರು ಕೊಂದವನು ಎಂದು ಓದಿದರು: ಅವನು ನಮ್ಮ ಕೈಗೆ ಸಿಕ್ಕಿದ್ದಾಗ ವಿಚಾರಿಸದೆ ಬಿಟ್ಟವರು ನಾವಲ್ಲ. ಒಂದೇ ಸರ್ವನಾಮ, ಎರಡು ಹೊಣೆ. ಸತ್ತವನಿಗೆ ಅನ್ನ ಮತ್ತು ಜೊತೆ. ಕೊಂದವನಿಗೆ ಲೆಕ್ಕ ಕೇಳುವ ಧೈರ್ಯ. ಕೊಲೆಗಳು ಹೆಚ್ಚಿದ ಮೇಲೆ ಈ ವಿಧಿಯೇ ನಿಂತುಹೋಯಿತೆಂದೂ ಮಿಶ್ನಾ ದಾಖಲಿಸುತ್ತದೆ.

ಬಾಸ್ಟನ್ನಿನಲ್ಲಿಯೂ ಕೊಲೆಗಳು ಹೆಚ್ಚಿದ್ದವು. ಎಂಬತ್ತರ ದಶಕದ ಕೊನೆಗೆ ಕ್ರ್ಯಾಕ್ ಕೊಕೇನು ಊರೊಳಗೆ ಬಂತು, ಅದರ ಹಿಂದೆಯೇ ಕೈಗೊಂದು ಪಿಸ್ತೂಲೂ ಬಂತು. 1990ರಲ್ಲಿ ಆ ಒಂದು ನಗರದಲ್ಲಿ 152 ಕೊಲೆಗಳಾದವು. ಡಾರ್ಚೆಸ್ಟರ್, ರಾಕ್ಸ್‌ಬರಿ, ಮ್ಯಾಟಪ್ಯಾನ್ ಎಂಬ ಮೂರು ಬಡಾವಣೆಗಳ ಕಪ್ಪು ಜನರ ಮನೆಗಳಲ್ಲಿ ಶವಸಂಸ್ಕಾರ ವಾರದ ಕೆಲಸವಾಗಿಬಿಟ್ಟಿತ್ತು. ಸತ್ತವರ ಹೆಸರು ಹೇಳಿ ಪ್ರಾರ್ಥಿಸುವುದು, ಹಿಂಸೆ ಬೇಡವೆಂದು ಪೀಠದಿಂದ ಬೋಧಿಸುವುದು, ಮಣ್ಣು ಹಾಕಿ ಬರುವುದು. ಪಾದ್ರಿಗಳಿಗೆ ತಿಳಿದಿದ್ದ ದಾರಿ ಇಷ್ಟೇ.

ಚರ್ಮದ ಜಾಕೆಟ್ಟಿನ ಕೊಲೆಯ ಆರೋಪಿಗಳು ಸಿಕ್ಕಿಬಿದ್ದಾಗ ಜೆಫ್ರಿ ಬ್ರೌನ್ ಬೆಚ್ಚಿದ್ದು ಅವರ ವಯಸ್ಸು ಕಂಡು. ಹೆಚ್ಚುಕಡಿಮೆ ತಮ್ಮದೇ ಓರಗೆಯವರು. ಆದರೂ ನಡುವೆ ಕಡಲಿನಷ್ಟು ದೂರ. ಆಗ ಅವರಿಗೆ ಹೊಳೆದದ್ದು ಒಪ್ಪಿಕೊಳ್ಳಲು ಕಷ್ಟದ ಸಂಗತಿ. ‘ನಮ್ಮ ಸಮುದಾಯ’ ಎಂದು ಬೋಧಿಸುವಾಗಲೆಲ್ಲ ಈ ಹುಡುಗರನ್ನು ಅವರು ಆ ಮಾತಿನಿಂದ ಹೊರಗಿಟ್ಟಿದ್ದರು. ಸತ್ತವನು ನಮ್ಮವನು, ಕೊಂದವನು ಯಾರವನೋ. ಕಲ್ಯಾಣದ ಶರಣರು ಎಂಟುನೂರು ವರ್ಷಗಳ ಹಿಂದೆ ಕೆದಕಿದ ಗಾಯವೇ ಇದು, ಅವರ ಹೆಸರನ್ನೂ ಕೇಳದ ಇನ್ನೊಂದು ದೇಶದಲ್ಲಿ.

ಗಾಯಕ್ಕೆ ಉಪ್ಪು ಬಿದ್ದದ್ದು 1992ರ ಮೇ ತಿಂಗಳಲ್ಲಿ. ಮ್ಯಾಟಪ್ಯಾನಿನ ಮಾರ್ನಿಂಗ್ ಸ್ಟಾರ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಗುಂಡೇಟಿಗೆ ಸತ್ತಿದ್ದ ತರುಣನ ಶವಸಂಸ್ಕಾರ ನಡೆದಿತ್ತು. ಎದುರಾಳಿ ಗ್ಯಾಂಗಿನವರು ಒಳಗೇ ನುಗ್ಗಿ, ಸಂತಾಪಕ್ಕೆ ಬಂದಿದ್ದ ಒಬ್ಬನನ್ನು ಸಭೆಯ ನಡುವೆಯೇ ಹೊಡೆದು ಇರಿದರು, ಗುಂಡೂ ಹಾರಿತು. ಬೀದಿಗೆ ಹೋಗಲು ಹಿಂಜರಿದ ಚರ್ಚಿನೊಳಗೆ ಬೀದಿಯೇ ಬಂದು ಕೂತಂತಾಯಿತು. ಕೆಲವೇ ದಿನಗಳಲ್ಲಿ ನಗರದ ಕಪ್ಪು ಪಾದ್ರಿಗಳು ಸೇರಿ ಚರ್ಚುಗಳು ಮಾಡಬೇಕಾದ ಹತ್ತು ಕೆಲಸಗಳನ್ನು ಬರೆದರು. ಅದರಿಂದ ಟೆನ್‌ಪಾಯಿಂಟ್ ಎಂಬ ಒಕ್ಕೂಟ ಹುಟ್ಟಿತು. ಯೂಜೀನ್ ರಿವರ್ಸ್, ಜೆಫ್ರಿ ಬ್ರೌನ್, ವೈದ್ಯರೂ ಪಾದ್ರಿಯೂ ಆಗಿದ್ದ ರೇ ಹ್ಯಾಮಂಡ್ ಅದರ ಮುಂದಾಳುಗಳು.

ರಿವರ್ಸ್ ಡಾರ್ಚೆಸ್ಟರಿನ ಅಪಾಯದ ಮೂಲೆಯಲ್ಲೇ ಮನೆ ಮಾಡಿದ್ದವರು. ಅವರ ಮನೆಗೂ ಗುಂಡು ಬಿದ್ದಿದೆ. ಮಾದಕವಸ್ತು ಮಾರುತ್ತಿದ್ದ ಒಬ್ಬನಿಂದ ತಾವು ಕಲಿತ ಪಾಠವನ್ನು ಅವರು ಮುಚ್ಚಿಡಲಿಲ್ಲ. ಹುಡುಗ ಬೆಳಿಗ್ಗೆ ಶಾಲೆಗೆ ಹೊರಟಾಗ ಬೀದಿಯಲ್ಲಿ ನಾನಿರುತ್ತೇನೆ, ನೀವಿರುವುದಿಲ್ಲ. ಸಂಜೆ ಅಂಗಡಿಗೆ ಬ್ರೆಡ್ಡು ತರಲು ಬಂದಾಗಲೂ ನಾನೇ ಇರುತ್ತೇನೆ. ಹಾಗಾಗಿ ಗೆಲ್ಲುವವನು ನಾನು. ಅವನ ವಾದದ ತಿರುಳು ಇದು. ಇದರಲ್ಲಿ ದೇವತಾಶಾಸ್ತ್ರದ ಪದ ಒಂದೂ ಇಲ್ಲ. ಆದರೆ ದೇವರು ಎಲ್ಲೆಲ್ಲೂ ಇದ್ದಾನೆ ಎಂದು ಸಾರುವವರು ಬೀದಿಯ ಮೂಲೆಯಲ್ಲಿ ಮಾತ್ರ ಇಲ್ಲದಿರುವುದನ್ನು ಇದಕ್ಕಿಂತ ಖಡಕ್ಕಾಗಿ ಯಾರೂ ಹೇಳಲಾರರು.

ಪಾದ್ರಿಗಳು ನಡೆಯತೊಡಗಿದರು. ಶುಕ್ರವಾರದ ರಾತ್ರಿ ಹತ್ತರಿಂದ ನಡುರಾತ್ರಿ ಕಳೆದು ಎರಡರವರೆಗೆ, ಒಳ್ಳೆಯವರು ಯಾರೂ ಓಡಾಡದ ಮೂಲೆಗಳಲ್ಲಿ. ಮೊದಮೊದಲು ಹುಡುಗರು ದೂರದಿಂದ ನೋಡಿದರು. ಇವರು ಟಿ.ವಿ. ಕ್ಯಾಮೆರಾಕ್ಕಾಗಿ ಬಂದವರೋ, ಮುಂದಿನ ವಾರವೂ ಬರುತ್ತಾರೋ ಎಂಬ ಪರೀಕ್ಷೆ ಅದು. ಮುಂದಿನ ವಾರವೂ ಬಂದರು, ಅದರ ಮುಂದಿನ ವಾರವೂ. ಬೋಧನೆ ಮಾಡುವುದಿಲ್ಲ, ಕೇಳಿಸಿಕೊಳ್ಳುತ್ತೇವೆ ಎಂದು ತಮಗೆ ತಾವೇ ನಿಯಮ ಹಾಕಿಕೊಂಡಿದ್ದರು. ಪಾದ್ರಿಗೆ ಇದಕ್ಕಿಂತ ಕಠಿಣ ವ್ರತ ಇನ್ನೊಂದಿರಲಾರದು. ಹುಡುಗರು ಹೇಳಿಕೊಂಡದ್ದರಲ್ಲಿ ಸೊಕ್ಕಿಗಿಂತ ಭಯವೇ ಹೆಚ್ಚಿತ್ತು. ಎದುರಿನವನ ಬಳಿ ಬಂದೂಕಿದೆ, ಅದಕ್ಕೇ ನನ್ನ ಬಳಿಯೂ ಇದೆ. ಇಪ್ಪತ್ತೈದು ದಾಟುತ್ತೇನೆಂಬ ನಂಬಿಕೆ ಇಲ್ಲದವನಿಗೆ ನರಕದ ಹೆದರಿಕೆ ತೋರಿಸಿ ಏನು ಫಲ?

ಪೊಲೀಸರೊಂದಿಗೆ ಕೈ ಜೋಡಿಸುವುದು ಇದಕ್ಕಿಂತ ಕಷ್ಟದ್ದಾಗಿತ್ತು. 1989ರಲ್ಲಿ ಬಿಳಿಯನೊಬ್ಬ ಗರ್ಭಿಣಿ ಹೆಂಡತಿಯನ್ನು ತಾನೇ ಗುಂಡಿಟ್ಟು ಕೊಂದು, ಕಪ್ಪು ಮನುಷ್ಯನೊಬ್ಬ ಕೊಂದನೆಂದು ದೂರು ಕೊಟ್ಟಿದ್ದ. ಪೊಲೀಸರು ಅದನ್ನು ನಂಬಿ ಕಪ್ಪು ಹುಡುಗರನ್ನು ಬೀದಿಬೀದಿಯಲ್ಲಿ ನಿಲ್ಲಿಸಿ ಜಾಲಾಡಿದ್ದರು. 1994ರಲ್ಲಿ ತಪ್ಪು ಮನೆಗೆ ದಾಳಿಯಿಟ್ಟು 75 ವರ್ಷದ ನಿವೃತ್ತ ಪಾದ್ರಿಯೊಬ್ಬರ ಕೈಗೆ ಕೋಳ ತೊಡಿಸಿದಾಗ ಅವರು ಹೃದಯಾಘಾತದಿಂದ ಸತ್ತರು. ಇಂಥ ಪೊಲೀಸರ ಮೇಜಿನ ಎದುರು ಕೂರುವ ಪಾದ್ರಿಯನ್ನು ಅವನ ಸಭೆಯವರೇ ಅನುಮಾನಿಸುತ್ತಿದ್ದರು. ಕೂತರು ಎಂಬುದೇ ದೊಡ್ಡದು.

ಆ ಮೇಜಿಗೆ ಅಂಕಿಗಳನ್ನು ತಂದವರು ಹಾರ್ವರ್ಡಿನ ಡೇವಿಡ್ ಕೆನಡಿ, ಆಂಥನಿ ಬ್ರಾಗಾ ಮತ್ತು ಆ್ಯನ್ ಪೀಲ್. ಬೀದಿ ಬಲ್ಲ ಪೊಲೀಸರು, ಪ್ರೊಬೇಷನ್ ಅಧಿಕಾರಿಗಳು, ನಗರಸಭೆಯ ಬೀದಿ ಕಾರ್ಯಕರ್ತರು ಜೊತೆಯಾಗಿ ಕೂತು ಪ್ರತಿ ಕೊಲೆಯ ಹಿಂದುಮುಂದನ್ನು ನಕ್ಷೆಯ ಮೇಲೆ ಗುರುತಿಸಿದರು. ಊರಿನಲ್ಲಿ ಸುಮಾರು 61 ಗ್ಯಾಂಗುಗಳು, ಎಲ್ಲ ಸೇರಿ 1,300ರಷ್ಟು ಜನ. ಅಂದರೆ ಆ ವಯಸ್ಸಿನ ಯುವಕರಲ್ಲಿ ನೂರಕ್ಕೆ ಒಬ್ಬನೂ ಅಲ್ಲ. ಆದರೆ ಯುವಜನರ ಕೊಲೆಗಳಲ್ಲಿ ಕಡಿಮೆಯೆಂದರೂ ಶೇ. 60 ಈ ಚಿಕ್ಕ ವಲಯದ ಸುತ್ತಲೇ ನಡೆಯುತ್ತಿದ್ದವು. ಕಪ್ಪು ಯುವಕರೆಂದರೆ ಅಪಾಯ ಎಂಬ ಊರಿನ ನಂಬಿಕೆಯನ್ನು ಈ ಲೆಕ್ಕವೇ ಸುಳ್ಳಾಗಿಸಿತು. ಇಂದು ಕೊಂದವನೂ ನಾಳೆ ಸಾಯಬಹುದಾದವನೂ ಒಬ್ಬನೇ ಎಂಬುದೂ ಅದರಲ್ಲೇ ಕಂಡಿತು.

1996ರ ಮೇ ತಿಂಗಳಲ್ಲಿ ಮೊದಲ ಸಭೆ. ಪ್ರೊಬೇಷನ್ನಿನಲ್ಲಿದ್ದ ಗ್ಯಾಂಗಿನ ಹುಡುಗರನ್ನು ಕರೆಸಿ ಕೂರಿಸಿದರು. ಎದುರಿಗೆ ಪೊಲೀಸರು, ಸರ್ಕಾರಿ ವಕೀಲರು, ಬೀದಿ ಕಾರ್ಯಕರ್ತರು, ಪಾದ್ರಿಗಳು. ಅಲ್ಲಿ ಆಡಿದ್ದು ಎರಡೇ ಮಾತು. ನೀವು ಬದುಕಬೇಕೆಂಬುದು ನಮ್ಮ ಆಸೆ. ಓದು, ಕೆಲಸ, ಆಸರೆ ಏನು ಬೇಕೋ ಕೇಳಿ. ಆದರೆ ನಿಮ್ಮ ಗುಂಪಿನಲ್ಲಿ ಯಾರೇ ಒಬ್ಬ ಹೆಣ ಕೆಡವಿದರೂ ಇಡೀ ಗುಂಪಿನ ಮೇಲೆ ಕಾನೂನಿನ ಕಣ್ಣು ಬೀಳುತ್ತದೆ: ಹಳೆಯ ವಾರಂಟು, ಗಾಂಜಾ ಮಾರಾಟ, ಬೀದಿಯಲ್ಲಿ ಕುಡಿತ, ಯಾವುದಕ್ಕೂ ಮಾಫಿಯಿಲ್ಲ. ಅಪರಾಧಗಳ ಹಳೆಯ ದಾಖಲೆಯಿದ್ದ ಒಬ್ಬ ಒಂದೇ ಒಂದು ಗುಂಡಿನ ಸಮೇತ ಸಿಕ್ಕಿಬಿದ್ದು, ಪೆರೋಲಿಲ್ಲದ 19 ವರ್ಷ 7 ತಿಂಗಳ ಸೆರೆಗೆ ಹೋದ ಸುದ್ದಿಯನ್ನು ಭಿತ್ತಿಪತ್ರ ಮಾಡಿ ಅಂಟಿಸಿದ್ದರು.

ಧರ್ಮದ ಪ್ರಶ್ನೆ ತೀರಾ ಇಕ್ಕಟ್ಟಾಗುವುದು ಈ ಕೋಣೆಯಲ್ಲಿ. ಒಬ್ಬನ ಕೃತ್ಯಕ್ಕೆ ಗುಂಪನ್ನೆಲ್ಲ ಹಿಡಿಯುವುದು ನ್ಯಾಯವೇ? ತಂದೆಯ ಪಾಪವನ್ನು ಮಗ ಹೊರಬೇಕಿಲ್ಲ ಎಂದು ಬೈಬಲ್ಲಿನ ಪ್ರವಾದಿ ಯೆಹೆಜ್ಕೇಲ ಸ್ಪಷ್ಟವಾಗಿ ಹೇಳುತ್ತಾನೆ. ಮಾಡಿದವನೇ ಉಣ್ಣಬೇಕು ಎನ್ನುವ ಕರ್ಮಸಿದ್ಧಾಂತವೂ ಒಬ್ಬೊಬ್ಬನ ಲೆಕ್ಕವನ್ನು ಬೇರೆಬೇರೆ ಇಡುತ್ತದೆ. ಬಾಸ್ಟನ್ನಿನವರ ಸಮರ್ಥನೆ ಇಷ್ಟು: ಯಾರನ್ನೂ ಮಾಡದ ತಪ್ಪಿಗೆ ಹಿಡಿಯುವುದಿಲ್ಲ, ಮಾಡುತ್ತಿರುವ ತಪ್ಪುಗಳಲ್ಲಿ ಯಾವುದಕ್ಕೆ ಮೊದಲು ಕೈ ಹಾಕಬೇಕೆಂಬುದನ್ನು ಮಾತ್ರ ಕೊಲೆ ತೀರ್ಮಾನಿಸುತ್ತದೆ. ಗೆಳೆಯನ ಕೈಯಲ್ಲಿನ ಪಿಸ್ತೂಲನ್ನು ಗೆಳೆಯರೇ ಇಳಿಸಲಿ ಎಂಬುದು ಅದರ ಹಿಂದಿನ ಆಸೆ. ಈ ಉತ್ತರ ಪೂರ್ತಿ ಸಮಾಧಾನ ಕೊಡುವುದಿಲ್ಲ. ಬಡ ಕಪ್ಪು ಹುಡುಗರ ಗುಂಪನ್ನು ಗ್ಯಾಂಗ್ ಎಂದು ಕರೆಯುವ ಅಧಿಕಾರ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಅಲ್ಲೇ ಉಳಿಯುತ್ತದೆ. ಆದರೂ ತಾಲ್ಮೂದಿನ ಎರಡು ಓದುಗಳು ಒಂದೇ ಕೋಣೆಯಲ್ಲಿ, ಒಂದೇ ಮೇಜಿನ ಹಿಂದೆ ಕೂತದ್ದು ಸಣ್ಣ ಸಂಗತಿಯಲ್ಲ. ಪೊಲೀಸರೊಬ್ಬರೇ ಹೇಳಿದ್ದರೆ ಅದು ಬರಿಯ ಬೆದರಿಕೆ. ಪಾದ್ರಿಯೊಬ್ಬರೇ ಹೇಳಿದ್ದರೆ ಭಾನುವಾರದ ಇನ್ನೊಂದು ಪ್ರವಚನ.

1991ರಿಂದ 95ರವರೆಗೆ ಬಾಸ್ಟನ್ನಿನಲ್ಲಿ ವರ್ಷಕ್ಕೆ ಸರಾಸರಿ 44 ಎಳೆಯರು, ಇಪ್ಪತ್ನಾಲ್ಕು ವಯಸ್ಸಿನೊಳಗಿನವರು, ಕೊಲೆಯಾಗುತ್ತಿದ್ದರು. 1996ರಲ್ಲಿ 26, ಮರುವರ್ಷ 15. ನಗರದ ಒಟ್ಟು ಕೊಲೆಗಳು 1999ರಲ್ಲಿ 31ಕ್ಕೆ ಇಳಿದವು. ಆ ವರ್ಷಗಳಲ್ಲಿ ಅಮೆರಿಕದ ಬೇರೆ ನಗರಗಳಲ್ಲೂ ಕೊಲೆ ಕಡಿಮೆಯಾಗಿತ್ತಾದ್ದರಿಂದ ಇದರಲ್ಲಿ ಈ ಪ್ರಯತ್ನದ ಪಾಲೆಷ್ಟು ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ವಾದ ನ್ಯಾಯವಾದದ್ದೇ. ಆಮೇಲಿನ ಕತೆಯನ್ನೂ ಹೇಳಲೇಬೇಕು. ಹೆಸರು ಬಂತು, ಹೆಸರಿನ ಹಿಂದೆ ಯಾರಿಗೆಷ್ಟು ಎಂಬ ಜಗಳ ಬಂತು, ಮೇಜಿನ ಸುತ್ತ ಇದ್ದವರು ಒಬ್ಬೊಬ್ಬರಾಗಿ ಎದ್ದುಹೋದರು. 2005ರಲ್ಲಿ ಕೊಲೆಗಳು ಮತ್ತೆ 75 ಮುಟ್ಟಿದವು. ಚದುರಿದ್ದನ್ನು ಮತ್ತೆ ಕೂಡಿಸಬೇಕಾಯಿತು. ಹಲವು ಏರಿಳಿತಗಳ ನಂತರ 2024ರಲ್ಲಿ ಬಾಸ್ಟನ್ನಿನಲ್ಲಿ ನಡೆದ ಕೊಲೆ 24.

ಅಂಕಿಗಳಲ್ಲಿ ಕಾಣದ ಇನ್ನೊಂದು ಕೆಲಸ ಡಾರ್ಚೆಸ್ಟರಿನಲ್ಲೇ ನಡೆಯುತ್ತಿತ್ತು. 1993ರ ಡಿಸೆಂಬರಿನಲ್ಲಿ ಲೂಯಿ ಬ್ರೌನ್ ಎಂಬ 15 ವರ್ಷದ ಹುಡುಗ, ಗ್ಯಾಂಗ್ ಹಿಂಸೆಯನ್ನು ವಿರೋಧಿಸುವ ಹದಿಹರೆಯದವರ ಸಂಘದ ಕ್ರಿಸ್‌ಮಸ್ ಕೂಟಕ್ಕೆ ಹೋಗುತ್ತಿದ್ದಾಗ ಯಾರದೋ ಜಗಳದ ಗುಂಡಿಗೆ ಬಲಿಯಾದ. ತಾಯಿ ಕ್ಲೆಮೆಂಟೀನಾ ಶೆರಿ ಮರುವರ್ಷವೇ ಮಗನ ಹೆಸರಿನಲ್ಲಿ ಶಾಂತಿ ಸಂಸ್ಥೆ ಕಟ್ಟಿದರು. ಆ ಸಂಸ್ಥೆ ಮೊದಲು ಮಾಡುವ ಕೆಲಸ ದೊಡ್ಡ ಮಾತಿನದ್ದಲ್ಲ: ಮಗನನ್ನು ಕಳೆದುಕೊಂಡ ಮನೆಗೆ ಹೋಗಿ ಮಣ್ಣು ಮಾಡುವ ಏರ್ಪಾಟಿಗೆ, ಖರ್ಚಿಗೆ, ಕಾಗದಪತ್ರಕ್ಕೆ ನೆರವಾಗುವುದು. ಅದರ ಬಾಗಿಲು ಕೊಂದವನ ಮನೆಯವರಿಗೂ ತೆರೆದಿದೆ. ಅವನ ತಾಯಿಗೂ ಮಗ ಮನೆಗೆ ಬರುವುದಿಲ್ಲ. ಆದರೆ ಅವಳ ಜೊತೆ ಕೂತು ಅಳುವವರಿಲ್ಲ, ಅಡುಗೆ ತಂದು ಕೊಡುವ ನೆರೆಯವರಿಲ್ಲ. ಸೂತಕವಿದ್ದೂ ಸೂತಕದ ಮನ್ನಣೆ ಸಿಗದ ಮನೆ ಅದು. ಶೆರಿ ಆ ಮನೆಯನ್ನೂ ಲೆಕ್ಕಕ್ಕೆ ಸೇರಿಸಿದರು. 1996ರಿಂದ ಪ್ರತಿವರ್ಷ ತಾಯಂದಿರ ದಿನದಂದು ಅವರ ಸಂಸ್ಥೆ ನಡಿಗೆ ನಡೆಸುತ್ತಿದೆ.

ಅಮೆರಿಕದ ಬೇರೆ ಊರುಗಳು ಕೊಲೆ ತಡೆಯುವುದು ಹೇಗೆಂಬ ಪ್ರಶ್ನೆಗೆ ಪೊಲೀಸರನ್ನು ದೂರವಿಟ್ಟು ಬೇರೆ ಉತ್ತರ ಹುಡುಕಿದವು. ಸೊಮಾಲಿಯಾದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಕಂಡಿದ್ದ ವೈದ್ಯ ಗ್ಯಾರಿ ಸ್ಲಟ್‌ಕಿನ್ 2000ದಲ್ಲಿ ಶಿಕಾಗೋದ ವೆಸ್ಟ್ ಗಾರ್‌ಫೀಲ್ಡ್ ಪಾರ್ಕಿನಲ್ಲಿ ಕೆಲಸ ಶುರುಮಾಡಿದರು. ಅವರ ಲೆಕ್ಕದಲ್ಲಿ ಹಿಂಸೆ ಒಬ್ಬರಿಂದೊಬ್ಬರಿಗೆ ಹರಡುವ ಸಾಂಕ್ರಾಮಿಕ. ಸೇಡಿನ ಗುಂಡು ಹಾರುವ ಮೊದಲೇ ನಡುವೆ ನಿಂತು ತಡೆಯಬೇಕು. ತಡೆಯಲು ನಿಂತವರು ಹಿಂದೆ ಅದೇ ಬೀದಿಯಲ್ಲಿ ಬಂದೂಕು ಹಿಡಿದವರು, ಜೈಲು ಕಂಡವರು. ಕ್ಯಾಲಿಫೋರ್ನಿಯಾದ ರಿಚ್ಮಂಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2007ರಲ್ಲಿ 47 ಕೊಲೆ ಕಂಡ ಆ ಊರಿನಲ್ಲಿ ಡೆವೋನ್ ಬಾಗನ್ ನಡೆಸಿದ ನಗರಸಭೆಯ ಕಚೇರಿ, ಗುಂಡು ಹಾರಿಸುವ ಸಂಭವವಿದ್ದ ಯುವಕರನ್ನೇ ಹುಡುಕಿ, ದಿನವೂ ಬೆನ್ನಿಗಿದ್ದು, ತಿಂಗಳಿಗೆ ಸಾವಿರ ಡಾಲರಿನವರೆಗೆ ಭತ್ಯೆ ಕೊಟ್ಟಿತು. ಕೊಲೆ ಮಾಡದಿರಲು ಲಂಚವೇ ಎಂದು ಊರು ಸಿಟ್ಟಾಯಿತು. 2014ರಲ್ಲಿ ಅಲ್ಲಿ ನಡೆದ ಕೊಲೆಗಳು 11.

ಪಾಪ ಎನ್ನುವ ಮಾತನ್ನು ರೋಗ ಎನ್ನುವ ಮಾತು ನುಂಗಿದರೆ ತಪ್ಪೊಪ್ಪಿಗೆಗೆ ಜಾಗವೆಲ್ಲಿ? ಕೇಳತಕ್ಕ ಪ್ರಶ್ನೆಯೇ. ಆದರೆ ಬೀದಿಯಲ್ಲಿ ನಿಂತ ಆ ಹಳೆಯ ಅಪರಾಧಿಗಳು ಪುಸ್ತಕಕ್ಕಿಂತ ಚೆನ್ನಾಗಿ ಉತ್ತರ ಕೊಡುತ್ತಾರೆ. ಪಾಲಿ ಸುತ್ತದ ಅಂಗುಲಿಮಾಲನನ್ನು ನೆನೆಯಬೇಕು. ಕೊಲೆಗಡುಕ ಭಿಕ್ಕುವಾದ ಮೇಲೆ ಹೆರಿಗೆಯ ನೋವಿನಲ್ಲಿದ್ದ ಹೆಂಗಸೊಬ್ಬಳನ್ನು ಕಂಡು ಮರುಗುತ್ತಾನೆ. ಹುಟ್ಟಿದಂದಿನಿಂದ ಬೇಕೆಂದು ಜೀವ ತೆಗೆದಿಲ್ಲ, ಈ ಸತ್ಯದಿಂದ ನಿನಗೆ ಒಳಿತಾಗಲಿ ಎಂದು ಅವಳಿಗೆ ಹೇಳು ಎನ್ನುತ್ತಾನೆ ಬುದ್ಧ. ಅದು ಸುಳ್ಳಾಗುತ್ತದಲ್ಲ ಎಂದು ಅಂಗುಲಿಮಾಲ ಅಳುಕುತ್ತಾನೆ. ಆರ್ಯಧರ್ಮದಲ್ಲಿ ಹುಟ್ಟಿದಂದಿನಿಂದ ಎಂದು ತಿದ್ದಿಕೊಡುತ್ತಾನೆ ಬುದ್ಧ. ಹಾಗೆ ನುಡಿದಾಗ ಹೆರಿಗೆ ಸುಸೂತ್ರವಾಗುತ್ತದೆ. ಹಳೆಯದನ್ನು ಅಳಿಸಿಲ್ಲ, ಮುಚ್ಚಿಟ್ಟಿಲ್ಲ. ಮಾತಿಗೆ ತೂಕ ಬಂದದ್ದೇ ಅದರಿಂದ. ಅದೇ ಅಂಗುಲಿಮಾಲ ಭಿಕ್ಷೆಗೆ ಹೋದಾಗ ಊರಿನವರ ಕಲ್ಲೇಟಿಗೆ ತಲೆಯೊಡೆದು ಬರುತ್ತಾನೆ, ಬುದ್ಧ ತಾಳಿಕೋ ಎನ್ನುತ್ತಾನೆ. ಶಿಕಾಗೋ, ರಿಚ್ಮಂಡಿನ ಬೀದಿ ಕಾರ್ಯಕರ್ತರಿಗೂ ಕಲ್ಲು ತಪ್ಪಿದ್ದಲ್ಲ. ಅವರ ಸಂಬಳ ಅನುದಾನಕ್ಕೆ ನೇತುಬಿದ್ದಿದೆ. 2022ರ ಸಂಯುಕ್ತ ಸರ್ಕಾರದ ಕಾಯ್ದೆ ಇಂಥ ಕೆಲಸಕ್ಕೆ 25 ಕೋಟಿ ಡಾಲರ್ ತೆಗೆದಿಟ್ಟಿತು. 2025ರ ಏಪ್ರಿಲಿನಲ್ಲಿ ಅದೇ ಸರ್ಕಾರದ ನ್ಯಾಯ ಇಲಾಖೆ ಹಲವು ಅನುದಾನಗಳನ್ನು ಒಮ್ಮೆಗೇ ರದ್ದುಮಾಡಿತು. ಬಂದೂಕಿನಿಂದ 2021 ಒಂದೇ ವರ್ಷದಲ್ಲಿ 48,830 ಜನ ಸತ್ತ ದೇಶ ಅದು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮಗೆ ತಾವೇ ಗುಂಡಿಟ್ಟುಕೊಂಡವರು.

ಸಾನ್ ಡಿಯೇಗೊ ನಗರದ ಒಂದು ಕತೆಯಲ್ಲಿ ಈ ಎಲ್ಲ ಎಳೆಗಳೂ ಸೇರುತ್ತವೆ. 1995ರ ಜನವರಿ 21ರ ರಾತ್ರಿ ತಾರಿಕ್ ಖಮೀಸಾ ಎಂಬ 20 ವರ್ಷದ ವಿದ್ಯಾರ್ಥಿ ಪಿಜ್ಜಾ ತಲುಪಿಸಲು ಹೋದ. ದೋಚಲೆಂದೇ ಆರ್ಡರು ಕೊಟ್ಟಿದ್ದ ಹುಡುಗರಲ್ಲಿ ಒಬ್ಬ, ಹಿರಿಯನ ಮಾತು ಕೇಳಿ ಗುಂಡು ಹಾರಿಸಿದ. ಹಾರಿಸಿದ ಟೋನಿ ಹಿಕ್ಸನ ವಯಸ್ಸು 14. ಹದಿನಾಲ್ಕರವರನ್ನೂ ವಯಸ್ಕರಂತೆ ವಿಚಾರಿಸಬಹುದೆಂಬ ಹೊಸ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಆಗಷ್ಟೇ ಜಾರಿಯಾಗಿತ್ತು. ಟೋನಿ ತಪ್ಪೊಪ್ಪಿಕೊಂಡ; 25 ವರ್ಷದಿಂದ ಜೀವಾವಧಿಯವರೆಗಿನ ಶಿಕ್ಷೆಯಾಯಿತು.

ತಾರಿಕನ ತಂದೆ ಅಜೀಂ ಖಮೀಸಾ ಕೀನ್ಯಾದಲ್ಲಿ ಹುಟ್ಟಿದ, ಸೂಫಿ ನಂಬಿಕೆಯ ಮುಸ್ಲಿಂ. ನಲವತ್ತು ದಿನಗಳ ಶೋಕ ಮುಗಿದ ಮೇಲೆ ಅಳುವನ್ನು ಒಳ್ಳೆಯ ಕೆಲಸವಾಗಿ ತಿರುಗಿಸಬೇಕು, ಸತ್ತವನ ಆತ್ಮದ ಪಯಣಕ್ಕೆ ಅದೇ ಬುತ್ತಿ ಎಂದು ಅವರಿಗೆ ಒಬ್ಬ ಹಿರಿಯ ಸ್ನೇಹಿತ ಹೇಳಿದ್ದರು. ಬಂದೂಕಿನ ಎರಡು ತುದಿಯಲ್ಲೂ ಒಂದೊಂದು ಮಗು ಹಾಳಾಗಿದೆ ಎಂಬುದು ಅಜೀಂ ತಲುಪಿದ ಅರಿವು. ಆ ವರ್ಷವೇ ಮಗನ ಹೆಸರಿನಲ್ಲಿ ಪ್ರತಿಷ್ಠಾನ ಕಟ್ಟಿ, ಟೋನಿಯನ್ನು ಸಾಕಿದ್ದ ಅಜ್ಜ ಪ್ಲೆಸ್ ಫೀಲಿಕ್ಸರನ್ನು ಹುಡುಕಿಕೊಂಡು ಹೋದರು. ಫೀಲಿಕ್ಸ್ ಅಮೆರಿಕದ ಸೇನೆಯ ವಿಶೇಷ ಪಡೆಯಲ್ಲಿ ದುಡಿದವರು. ಸತ್ತವನ ತಂದೆ, ಕೊಂದವನ ಅಜ್ಜ ಅಂದಿನಿಂದ ಒಟ್ಟಿಗೆ ಶಾಲೆಶಾಲೆಗೆ ಹೋಗಿ ಮಕ್ಕಳ ಮುಂದೆ ನಿಂತು ಒಂದೇ ಕತೆಯ ಎರಡು ಭಾಗ ಹೇಳತೊಡಗಿದರು. ಇದನ್ನು ಸುಲಭದ ಕ್ಷಮೆ ಎಂದು ತಿಳಿಯಬಾರದು. ಅಜೀಂ ಸೆರೆಮನೆಗೆ ಹೋಗಿ ಟೋನಿಯನ್ನು ಕಣ್ಣಾರೆ ಕಂಡದ್ದು ಕೊಲೆಯಾಗಿ ಐದು ವರ್ಷಗಳ ಮೇಲೆ.

ಆಮೇಲೆ ಅವನ ಬಿಡುಗಡೆಗಾಗಿ ಕೇಳಿಕೊಂಡವರಲ್ಲಿ ಅಜೀಂ ಕೂಡ ಒಬ್ಬರು. ಹೊರಗೆ ಬಂದರೆ ನಿನಗೆ ಒಂದು ಕೆಲಸ ಕಾದಿದೆ ಎಂದು ಅವನಿಗೆ ಮಾತು ಕೊಟ್ಟಿದ್ದರು. ಆ ಕೆಲಸ ಇದ್ದದ್ದು ತಾರಿಕನ ಹೆಸರು ಹೊತ್ತ ಪ್ರತಿಷ್ಠಾನದಲ್ಲಿ. 2019ರಲ್ಲಿ ಟೋನಿ ಹಿಕ್ಸ್ ಹೊರಗೆ ಬಂದ.